ಹೊಕ್ಕುಳಿಗೆ ಚಿಟಿಕೆ ಉಪ್ಪು

ಎಂಬತ್ತೆರಡನೇ ಇಸವಿಯ ಚಳಿಗಾಲ. ಹೊಕ್ಕುಳಬಳ್ಳಿ ಬಿದ್ದು ಇಪ್ಪತ್ತು ದಿನವಾದರೂ ಮಗುವಿನ ಹೊಕ್ಕುಳು ಒಣಗಿರಲಿಲ್ಲ. ನಡುವೆ ತೊಗರಿಕಾಳಿನಷ್ಟು ಕೆಂಪು ದುರ್ಮಾಂಸ ಎದ್ದು, ಕಟ್ಟಿದ ಬಟ್ಟೆಯನ್ನೆಲ್ಲ ಜಿನುಗಿ ಒದ್ದೆ ಮಾಡುತ್ತಿತ್ತು. ಗುಬ್ಬಿಯ ಸಿದ್ದಲಕ್ಷ್ಮಮ್ಮ ನಾಲ್ಕು ಹೆಣ್ಣುಮಕ್ಕಳ ಬಾಣಂತನ ಮಾಡಿ ಕೈ ಪಳಗಿದವಳು. ಕೊನೆಯ ಮಗಳ ಈ ಕೂಸಿಗೆ ಅರಿಸಿನ ಹಚ್ಚಿದಳು, ಬಜೆ ತೇಯ್ದು ಹಚ್ಚಿದಳು, ಹರಳೆಣ್ಣೆ ಬಿಟ್ಟಳು. ಗುಳ್ಳೆ ಇನ್ನಷ್ಟು ಮಿರಮಿರನೆ ಮಿಂಚಿತು.

ಅಷ್ಟರಲ್ಲಿ ಕುಣಿಗಲ್ಲಿನಿಂದ ಬೀಗಿತಿ ಕದರಮ್ಮ ಮೊಮ್ಮಗನನ್ನು ನೋಡಲು ಬಂದಳು. ಬಟ್ಟೆ ಬಿಚ್ಚಿ ನೋಡಿದವಳೇ, ಇದು ಬರೆ ಹಾಕಿದರೆ ಮಾತ್ರ ಹೋಗುವಂಥದ್ದು, ತಮ್ಮ ಕಡೆ ಅರಿಸಿನದ ಕೊಂಬು ಕಾಯಿಸಿ ಮುಟ್ಟಿಸುವವನೊಬ್ಬನಿದ್ದಾನೆ, ಸೋಮವಾರ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ತೀರ್ಮಾನ ಕೊಟ್ಟಳು. ಎಳೆಗೂಸಿನ ಹೊಟ್ಟೆಗೆ ಬರೆ ಎಂದೊಡನೆ ಸಿದ್ದಲಕ್ಷ್ಮಮ್ಮ ಕೂಸನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಮೂರು ತಿಂಗಳ ಬಾಣಂತನ ಒಂದೇ ತಿಂಗಳಿಗೆ ಮುಗಿದರೆ ಬೀದಿಯವರು ಏನಂದಾರು ಎಂಬ ಚಿಂತೆಯೂ ಅದರ ಬೆನ್ನಿಗೇ ಹತ್ತಿತು.

ಶುಕ್ರವಾರ ಬೆಳಗ್ಗೆ ಮಗಳನ್ನೂ ಕೂಸನ್ನೂ ಹೊರಡಿಸಿಕೊಂಡು ತುಮಕೂರಿನ ಬಸ್ಸು ಹತ್ತಿದಳು. ಕದರಮ್ಮನೂ ಬಿಡದೆ ಹತ್ತಿದಳು. ಅಲ್ಲಿನ ಬಟವಾಡಿ ಬಡಾವಣೆಯ ಡಾಕ್ಟರಮ್ಮ ನೋಡಿ ನಕ್ಕರು. ಹೆದರುವಂಥದ್ದೇನಿಲ್ಲ, ಚಿಟಿಕೆ ಅಡುಗೆ ಉಪ್ಪನ್ನು ಆ ಗುಳ್ಳೆಯ ಮೇಲಷ್ಟೇ ಉದುರಿಸಿ ಹತ್ತಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ಬೆಚ್ಚನೆ ನೀರಲ್ಲಿ ಒರೆಸಿ ಎಂದರು. ದಿನಕ್ಕೆರಡು ಸಲ, ಮೂರೇ ದಿನ. ಕುಗ್ಗದಿದ್ದರೆ ಮತ್ತೆ ಬನ್ನಿ, ಔಷಧದ ಕಡ್ಡಿ ಮುಟ್ಟಿಸುತ್ತೇನೆ. ಎಣ್ಣೆ ಅರಿಸಿನ ನಿಲ್ಲಿಸಿ, ಬರೆಯ ಮಾತು ಮಾತ್ರ ಎತ್ತಬೇಡಿ.

ವಾಪಸು ಬರುವಾಗ ಕದರಮ್ಮನದು ಗುಬ್ಬಿಯವರೆಗೂ ಒಂದೇ ಮಾತು.

“ಕೂಸ ನೋಡ್ಕಳಿ ಅಂತ ಬುಟ್ಟಿದ್ದು ಬೀಗ್ರೇ, ಉಪ್ಪಿನ್ಕಾಯಿ ಹಾಕಿ ಅಂತಲ್ಲ.”

ಸಿದ್ದಲಕ್ಷ್ಮಮ್ಮನಿಗೂ ಒಳಗೊಳಗೇ ಪೆಚ್ಚು. ಒಂದು ಇಂಜೆಕ್ಷನ್ನಾದರೂ ಕೊಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಮನೆಯಲ್ಲಿದ್ದದ್ದು ಹರಳುಪ್ಪು. ಅದನ್ನೇ ನುಣ್ಣಗೆ ಕುಟ್ಟಿ ತೆಳುಬಟ್ಟೆಯಲ್ಲಿ ಜರಡಿ ಹಿಡಿದಳು. ಆದರೆ ಮಗು ಎಚ್ಚರವಿದ್ದರೆ ಒಂದೇ ಒದೆತಕ್ಕೆ ಹತ್ತಿ ಒಂದು ಕಡೆ, ಉಪ್ಪು ಒಂದು ಕಡೆ. ನಿದ್ದೆಯಲ್ಲೇ ಆಗಬೇಕು. ಸಿದ್ದಲಕ್ಷ್ಮಮ್ಮ ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡಳು. ಎದುರಿಗೆ ಕದರಮ್ಮ ಅದರ ಪುಟ್ಟ ಪಾದಗಳನ್ನು ಹಿಡಿದು ಕೂತಳು. ಸಿದ್ದಲಕ್ಷ್ಮಮ್ಮನ ಗಂಡ ಚೌಡಪ್ಪನಿಗೆ ಗಡಿಯಾರ ಕಾಯುವ ಕೆಲಸ. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರುವುದು ಬೀಗಿತಿಯರಿಬ್ಬರಿಗೂ ಆಗದು. ದನಿ ಏರಿಸಿದರೆ ಮಗು ಏಳುತ್ತದೆ. ಹಾಗಾಗಿ ಜಗಳವೆಲ್ಲ ಜೋಗುಳದ ಧಾಟಿಗೆ ಇಳಿಯಿತು.

“ಜೋ ಜೋ ಕಂದಾ, ನಿಮ್ಮಜ್ಜಿ ಮದ್ವೇಲಿ ಬೀಗ್ರಿಗೆ ತಣ್ಣನ್ ಪಾಯಸ ಬಡ್ಸುದ್ಲು, ಜೋ ಜೋ,” ಎಂದು ಕದರಮ್ಮ ರಾಗ ಎಳೆದಳು.

“ಜೋ ಜೋ ಮಗನೇ, ತಣ್ಣಗಿದ್ರೂ ನಾಕ್ ಲೋಟ ಕುಡ್ದೋರು ಯಾರು ಕೇಳ್ಲಾ, ಜೋ ಜೋ,” ಎಂದಳು ಸಿದ್ದಲಕ್ಷ್ಮಮ್ಮ.

ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಗು ಮಾತ್ರ ಹಾಯಾಗಿ ನಿದ್ದೆ ಹೊಡೆಯಿತು. ಶನಿವಾರಕ್ಕೆ ಮದುವೆಯ ತಕರಾರುಗಳು ಮುಗಿದವು. ಭಾನುವಾರ ಇಬ್ಬರೂ ತಂತಮ್ಮ ಅತ್ತೆಯರ ವಿಷಯಕ್ಕೆ ಬಂದರು. ಅಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಆರನೆಯ ಸಲದ ಉಪ್ಪು ಒರೆಸಿದಾಗ ಗುಳ್ಳೆ ಕಂದಿ, ಸಾಸಿವೆಯಷ್ಟಕ್ಕೆ ಮುದುರಿತ್ತು. ರಾತ್ರಿ ಕಟ್ಟಿದ್ದ ಬಟ್ಟೆಯೂ ಒಣಗಿಯೇ ಇತ್ತು. ಕದರಮ್ಮ ಮಗುವನ್ನು ಬಾಗಿಲ ಬೆಳಕಿಗೆ ಒಯ್ದು ಹೊಟ್ಟೆ ನೋಡಿದಳು, ಬಟ್ಟೆ ಮುಟ್ಟಿದಳು, ಮತ್ತೆ ಹೊಟ್ಟೆ ನೋಡಿದಳು. ಸಿದ್ದಲಕ್ಷ್ಮಮ್ಮ ಕಂಬ ಹಿಡಿದು ನಿಂತಿದ್ದಳು.

“ಬರೆ ಬ್ಯಾಡ ಬುಡಿ ಬೀಗ್ರೇ. ಮೂರ್ ತಿಂಗ್ಳು ತುಂಬೋಗಂಟ ತಾಯಿ ಮಗ ಇಲ್ಲೇ ಇರ್ಲಿ,” ಎಂದಳು ಕದರಮ್ಮ.

ಸಿದ್ದಲಕ್ಷ್ಮಮ್ಮನಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಆ ಸಂತೋಷದಲ್ಲೇ, ಕುಣಿಗಲ್ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬರಲು ಗಂಡನಿಗೆ ಹೇಳಿದಳು. ಕದರಮ್ಮ ಮಗುವನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು.

“ಬಸ್ಸಾ? ಇದನ್ ಬುಟ್ಟು ನಾನೆಲ್ಗೋಗ್ಲಿ. ನಾನೂ ಇಲ್ಲೇ ಇರ್ತೀನಿ.”

ಚೌಡಪ್ಪ ತನ್ನ ಚಾಪೆ ಸುತ್ತಿಕೊಂಡು ಜಗುಲಿಗೆ ನಡೆದ.