ಬೋನಿಗಿಟ್ಟ ಬಂಗುಡೆ

ಗಂಗೊಳ್ಳಿಯ ಸರೋಜ ಒಣಗಿಸಿದ ಬಂಗುಡೆಗೆ ಕುಂದಾಪುರದ ಶನಿವಾರದ ಸಂತೆಯಲ್ಲಿ ಎಷ್ಟು ಹೆಸರಿತ್ತೆಂದರೆ, ಅವಳು ಬರುವುದು ತಡವಾದರೂ ಗಿರಾಕಿಗಳು ಬೇರೆ ಬುಟ್ಟಿಯತ್ತ ತಿರುಗದೆ ಕೊಡೆ ಹಿಡಿದುಕೊಂಡು ಕಾಯುತ್ತಿದ್ದರು. ಹೀಗೆಂದು ಹೇಳುತ್ತಿದ್ದವಳು ಸರೋಜಳೇ. ಹಾಗೆಂದು ಅದು ಸುಳ್ಳೂ ಅಲ್ಲ. ಬಸ್ರೂರಿನಲ್ಲಿ ಊಟದ ಹೋಟೆಲು ಇಟ್ಟಿದ್ದ ಪ್ರೇಮಾನಂದ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ. ಅವನು ಕೂಡ ಅವಳೆದುರು ತುಟಿ ಬಿಚ್ಚದೆ ಚೀಲ ಬಿಚ್ಚುತ್ತಿದ್ದ. ಸಂತೆಯ ಆ ಜಾಗ ಅವಳ ಅತ್ತೆಯಿಂದ ಬಂದದ್ದು. ಅತ್ತೆ ಕೂರುತ್ತಿದ್ದ ಹಲಸಿನ ಮಣೆಯ ಮೇಲೆಯೇ ಸರೋಜ ಕೂರುತ್ತಿದ್ದಳು. ಮನೆಯಲ್ಲಿ ಆ ಮಣೆ ಗೋಡೆಗೆ ಒರಗಿರುತ್ತಿತ್ತು, ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಇಂಥ ಸರೋಜಳ ಮನೆಗೆ ಎರಡು ಸಾವಿರದ ಆರರ ಮಳೆಗಾಲದಲ್ಲಿ ಇಲಿ ಹೊಕ್ಕಿತು.

ಬೇರೆಯವರ ಮನೆಗೆ ಇಲಿ ಬಂದರೆ ಅದು ಬರೀ ಇಲಿ. ಒಣಮೀನು ಮಾರುವವಳ ಮನೆಗೆ ಬಂದರೆ ಅದು ಮಾನದ ಮಾತು. ಮಳೆ ಹಿಡಿದು ದೋಣಿಗಳೆಲ್ಲ ದಡ ಹತ್ತಿದ ಮೇಲೆ ಹಸಿಮೀನಿಗೆ ಬರ. ಬೇಸಿಗೆಯಲ್ಲಿ ಒಣಗಿಸಿ ಅಟ್ಟಕ್ಕೇರಿಸಿದ್ದು ಇಳಿಯುವುದೇ ಆಗ. ಅಷ್ಟರಲ್ಲಿ ಸರೋಜಳ ಅಟ್ಟದಲ್ಲಿ ಇಲಿ ಓಡಾಡುತ್ತದಂತೆ ಎಂಬ ಸುದ್ದಿ ಹೊಳೆ ದಾಟಿ ಕುಂದಾಪುರ ಮುಟ್ಟಿದರೆ ಮುಗಿದೇ ಹೋಯಿತು. ಅತ್ತೆಯ ಕಾಲದಿಂದ ಕಟ್ಟಿಕೊಂಡು ಬಂದ ಹೆಸರು ಒಂದೇ ಸಂತೆಯಲ್ಲಿ ಮಣ್ಣುಪಾಲು. ಅದಕ್ಕೇ ಇಲಿಯನ್ನು ಹೊರಗೆ ಹಾಕಬೇಕು, ಹಾಕಿದ್ದು ಯಾರಿಗೂ ತಿಳಿಯಲೂಬಾರದು ಎಂದು ಅವಳು ಹಟ ಹಿಡಿದಳು.

ಬೆಕ್ಕು ಸಾಕುವಂತಿರಲಿಲ್ಲ. ಒಣಮೀನಿನ ಮನೆಗೆ ಬೆಕ್ಕನ್ನು ಕಾವಲಿಗಿಡುವ ಬದಲು ಇಲಿಗೇ ಅಟ್ಟದ ಉಸ್ತುವಾರಿ ಕೊಡುವುದು ಲೇಸು. ವಿಷ ಇಡುವಂತೆಯೂ ಇರಲಿಲ್ಲ. ತಿಂದ ಇಲಿ ಯಾವ ಗೋಣಿಯ ಒಳಗೆ ಹೋಗಿ ಸಾಯುತ್ತದೋ ಬಲ್ಲವರಾರು? ಉಳಿದದ್ದು ಬೋನು. ಊರಿನ ಅಂಗಡಿಯಲ್ಲಿ ಬೋನು ಕೊಂಡರೆ ಸಂಜೆಯೊಳಗೆ ಬಂದರಿನ ತನಕ ಸುದ್ದಿ. ಹಾಗಾಗಿ ಗಂಡ ಕೊರಗನನ್ನು ಬಸ್ಸು ಹತ್ತಿಸಿ ದೂರದ ಬೈಂದೂರಿಗೆ ಅಟ್ಟಿ, ಮರದ ಬೋನೊಂದನ್ನು ಕಾಗದದಲ್ಲಿ ಸುತ್ತಿ ತರಿಸಿದಳು. ಬೋನು ಒಳಗೆ ಬಂದ ಮೇಲೆ ಮನೆಯಲ್ಲಿ ಯಾರೂ ಇಲಿಯ ಹೆಸರು ಎತ್ತಕೂಡದು. ಹೆಸರು ಹೇಳಿದರೆ ಅದಕ್ಕೆ ಕೇಳಿಸುತ್ತದೆ, ಕೇಳಿಸಿದರೆ ಬೋನಿನ ಬಳಿ ಸುಳಿಯುವುದಿಲ್ಲ. ಇದು ಹಿರಿಯರ ಮಾತು. ಅದಕ್ಕೆ 'ನೆಂಟರು' ಎನ್ನಬೇಕೆಂದು ಅಪ್ಪಣೆಯಾಯಿತು.

ನೆಂಟರ ಕೈವಾಡ ಎಲ್ಲಿದೆಯೆಂದು ಹುಡುಕುವಾಗ ಸರೋಜಳಿಗೆ ಒಂದು ಸಮಾಧಾನ ಸಿಕ್ಕಿತು. ಅವಳ ಗೋಣಿಗಳಿಗೆ ಹಲ್ಲು ತಾಗಿರಲಿಲ್ಲ. ತೂತು ಬಿದ್ದದ್ದು ಮೂಲೆಯಲ್ಲಿ ತೂಗುತ್ತಿದ್ದ ಸಣ್ಣ ಬುಟ್ಟಿಗೆ. ಅದು ಸೊಸೆ ವಿನಯಾಳದ್ದು.

ವಿನಯಾ ಬೀಜಾಡಿಯ ಹುಡುಗಿ. ಚಳಿಗಾಲದಲ್ಲಿ ಮಗ ರತನನನ್ನು ಮದುವೆಯಾಗಿ ಬಂದವಳು. ಬೇಸಿಗೆಯಲ್ಲಿ ಅತ್ತೆಯ ಜೊತೆ ಮೀನು ಒಣಗಿಸಲು ಕೂತಾಗ ಒಂದು ಬುಟ್ಟಿ ಬಂಗುಡೆಯನ್ನು ತನ್ನ ತವರಿನ ಕ್ರಮದಲ್ಲಿ ಮಾಡುತ್ತೇನೆಂದು ಕೇಳಿದ್ದಳು. ಉಪ್ಪನ್ನು ಕೈ ಬಿಗಿಹಿಡಿದು ಕಡಿಮೆ ಹಾಕಿ, ಚಾಪೆಯ ಮೇಲೆ ಹರಡದೆ, ಗೂಟ ನೆಟ್ಟು ಹಳೆಯ ಬಲೆ ಬಿಗಿದು ಅದರ ಮೇಲೆ ಒಣಗಿಸಿದ್ದಳು, ಅಡಿಯಿಂದಲೂ ಗಾಳಿಯಾಡಲಿ ಎಂದು. ಅದನ್ನು ಕಂಡು ಸರೋಜ, ಇವಳು ಬಂಗುಡೆಗೆ ತೊಟ್ಟಿಲು ಕಟ್ಟಿದ್ದಾಳೆ, ಇನ್ನು ಜೋಗುಳ ಹಾಡುವುದೊಂದೇ ಬಾಕಿ ಎಂದು ಕೇರಿಗೆಲ್ಲ ಕೇಳುವಂತೆ ನಕ್ಕಿದ್ದಳು. ಒಣಗಿದ ಮೇಲೆ ರುಚಿಯನ್ನೂ ನೋಡದೆ, ಇದು ಸಂತೆಗೆ ಬೇಡ, ಮನೆಖರ್ಚಿಗಿರಲಿ, ನನ್ನ ಹೆಸರು ಕೆಟ್ಟೀತು ಎಂದು ಮೂಲೆಗೆ ತೂಗಿಸಿದ್ದಳು. ಅಂದಿನಿಂದ ಮೀನಿನ ವಿಷಯ ಬಂದಾಗಲೆಲ್ಲ ವಿನಯಾ ತಲೆ ತಗ್ಗಿಸಿಕೊಂಡು ಬೇರೆ ಕೆಲಸ ಹುಡುಕುತ್ತಿದ್ದಳು.

ಬುಟ್ಟಿಯನ್ನು ಸರಿಯಾಗಿ ಕಟ್ಟಿಲ್ಲ, ಅದಕ್ಕೇ ನೆಂಟರಿಗೆ ಸಲೀಸಾಯಿತು ಎಂದು ಸರೋಜ ತೀರ್ಪು ಕೊಟ್ಟಳು. ಹಲ್ಲು ತಾಗಿದ್ದನ್ನು ಎಸೆದು, ಬುಟ್ಟಿಯಲ್ಲಿ ಉಳಿದದ್ದನ್ನೂ ತನ್ನ ಗೋಣಿಗಳಲ್ಲಿದ್ದದ್ದನ್ನೂ ಮುಚ್ಚಳವಿದ್ದ ತಗಡಿನ ಡಬ್ಬಗಳಿಗೆ ತುಂಬಿಸಿದಳು. ಇನ್ನು ಮನೆಯಲ್ಲಿ ಹೊರಗೆ ಸಿಗುವ ಮೀನೆಂದರೆ ಬೋನಿನೊಳಗಿನದು ಮಾತ್ರ. ಸುಟ್ಟ ಕೊಬ್ಬರಿ ಚೂರು ಇಟ್ಟರೆ ಸಾಕಲ್ಲವೇ ಎಂದ ಕೊರಗ. ಒಣಮೀನಿನ ಮನೆಗೆ ಬಂದವರಿಗೆ ಕೊಬ್ಬರಿ ಬಡಿಸಿದರೆ ಮರ್ಯಾದೆ ಉಳಿಯುತ್ತದೆಯೇ ಎಂದು ಗದರಿ, ತನ್ನ ಡಬ್ಬದಿಂದ ಉದ್ದಕ್ಕೆ, ದಪ್ಪಕ್ಕೆ ಮುಂದಿದ್ದ ಬಂಗುಡೆಯೊಂದನ್ನು ಆರಿಸಿ ಕೊಕ್ಕೆಗೆ ಸಿಕ್ಕಿಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸರೋಜಳಿಗೆ ಅವಳ ಬಂಗುಡೆ ಅದಕ್ಕಿಂತ ಮುದ್ದು. ಇದರ ವಾಸನೆಗೆ ಇಲಿ ಏನು, ಮಲ್ಪೆಯ ಸಾಹುಕಾರನೇ ಬಂದು ಬೋನಿಗೆ ಬಿದ್ದಾನು ಎಂಬ ಧೈರ್ಯ ಅವಳಿಗೆ.

ಬೆಳಗ್ಗೆ ಎದ್ದು ನೋಡಿದರೆ ಬೋನು ಬಾಯಿ ತೆರೆದೇ ಇತ್ತು. ಬಂಗುಡೆ ಇದ್ದಲ್ಲೇ ಇತ್ತು. ನೆಂಟರು ಬಂದಿರಲಿಲ್ಲವೆಂದು ಹೇಳುವ ಹಾಗೂ ಇರಲಿಲ್ಲ, ಬಚ್ಚಲಲ್ಲಿ ಸಾಬೂನು ಕಚ್ಚಿಹೋಗಿದ್ದರು. ಮರುದಿನವೂ ಅದೇ ಕಥೆ, ಈ ಸಲ ಮೇಣದಬತ್ತಿ. ಸಾಬೂನು ತಿಂದಾರು, ಮೇಣ ತಿಂದಾರು, ಸರೋಜಳ ಬಂಗುಡೆ ಬೇಡ! ಬೋನಿನ ಬಾಗಿಲೇ ಸರಿಯಿಲ್ಲವೇನೋ ಎಂದು ಅವಳು ಕೊರಗನಿಂದ ಮತ್ತೆ ಮತ್ತೆ ಬೀಳಿಸಿ ನೋಡಿದಳು. ಬಾಗಿಲು ಚೆನ್ನಾಗಿಯೇ ಬೀಳುತ್ತಿತ್ತು.

ಪಕ್ಕದ ಮನೆಯ ಅಕ್ಕು ಕೂಡ ಒಣಮೀನಿನವಳೇ. ಸಂತೆಯಲ್ಲೂ ಸರೋಜಳ ಪಕ್ಕದಲ್ಲೇ ಕೂರುವವಳು. ಹೊಸ ಸೊಸೆಗೆಂದು ಅವಳು ಕೊಟ್ಟಿದ್ದ ಬಂಗುಡೆ ಮನೆಯಲ್ಲಿತ್ತು. ಸರೋಜ ಅದನ್ನೂ ಇಟ್ಟು ನೋಡಿದಳು. ನೆಂಟರು ಅದನ್ನೂ ಮೂಸಲಿಲ್ಲ. ಸರೋಜಳಿಗೆ ಸ್ವಲ್ಪ ಜೀವ ಬಂದಂತಾಯಿತು, ಆದರೆ ಸ್ವಲ್ಪವೇ. ಅಕ್ಕುವಿನ ಸಮಕ್ಕೆ ನಿಂತೆನಲ್ಲ ಎಂಬುದೇ ಅವಳಿಗೆ ಸಣ್ಣ ನಾಚಿಕೆಯಲ್ಲ.

ಆ ಸಂಜೆ ಮನೆಯವರೆಲ್ಲ ಹೊರಗಿದ್ದಾಗ, ಯಾರಿಗೂ ಹೇಳದೆ, ವಿನಯಾಳ ಡಬ್ಬದ ಮುಚ್ಚಳ ತೆಗೆದು ಒಂದು ಬಂಗುಡೆಯನ್ನು ಬೋನಿಗೆ ಸಿಕ್ಕಿಸಿದಳು. ಸಿಕ್ಕಿಸುವಾಗ, ಇದಕ್ಕೆ ಬರದಿರಲಿ ದೇವರೇ ಎಂದು ಅವಳ ಮನಸ್ಸು ಅಂದದ್ದು ನಿಜ. ಇಲಿ ಹೋದರೆ ಸಾಕು ಎಂದಿದ್ದವಳಿಗೆ ಈಗ ಇಲಿ ಬರದಿದ್ದರೇ ಚೆನ್ನ ಎನಿಸುವಷ್ಟು ಕೆಲಸ ಕೆಟ್ಟಿತ್ತು.

ಬೆಳಗ್ಗೆ ಕೊರಗನೇ ಮೊದಲು ನೋಡಿ, "ಹ್ವಾಯ್, ನೆಂಟ್ರ್ ಬಂದ್ರ್" ಎಂದ. ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಕೊಬ್ಬಿದ ಇಲಿಯೊಂದು ಬಂಗುಡೆಯ ಬೆನ್ನನ್ನು ಮುಗಿಸಿ ಬಾಲಕ್ಕೆ ಬಂದಿತ್ತು. ಸಿಕ್ಕಿಬಿದ್ದದ್ದು ಅದಕ್ಕೆ ದೊಡ್ಡ ವಿಷಯವಾಗಿ ಕಂಡಂತಿರಲಿಲ್ಲ. ಕೊರಗ ಹೆಗಲ ಮೇಲಿನ ಬೈರಾಸು ತೆಗೆದು ಬೋನಿಗೆ ಮುಚ್ಚಿ, ದೂರ ಬಿಟ್ಟುಬರಲು ಹೊರಟ.

ಅವನು ಅತ್ತ ಹೋದದ್ದೇ ಸರೋಜ ಇತ್ತ ವಿನಯಾಳ ಬಂಗುಡೆ ಒಂದನ್ನು ಕೆಂಡದ ಮೇಲೆ ಸುಟ್ಟು, ಗಂಜಿಯ ಜೊತೆ ಬಾಯಿಗಿಟ್ಟಳು. ನಲವತ್ತು ವರ್ಷ ಒಣಮೀನು ತಿಂದ ನಾಲಿಗೆ ಸುಳ್ಳು ಹೇಳಲಿಲ್ಲ. ಉಪ್ಪು ಹಿಂದೆ ಸರಿದು ಮೀನಿಗೆ ದಾರಿ ಬಿಟ್ಟಿತ್ತು. ಎಲ್ಲೂ ಕಮಟಿಲ್ಲ, ಕಡಿದರೆ ಹದವಾಗಿ ಮುರಿಯುತ್ತಿತ್ತು. ಅತ್ತೆಯ ಕಾಲದ ಬಂಗುಡೆ ಹೀಗೇ ಇತ್ತು. ಮಳೆಗೆ ಕೆಡದಿರಲಿ ಎಂದು ತಾನು ವರ್ಷವರ್ಷವೂ ಒಂದೊಂದು ಹಿಡಿ ಉಪ್ಪು ಏರಿಸುತ್ತ ಬಂದದ್ದು ಅವಳಿಗೆ ಆಗ ನೆನಪಾಯಿತು. ಗಿರಾಕಿಗಳು ಹೆಸರಿಗೆ ಬರುತ್ತಿದ್ದರು, ರುಚಿ ಯಾವಾಗಲೋ ಎದ್ದುಹೋಗಿತ್ತು. ಅವಳು ಮೀನಿನ ಮುಳ್ಳನ್ನೂ ಬಿಡದೆ ಚೀಪಿದಳು, ಆದರೆ ಸೊಸೆಗೆ ಏನೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಳಗಿನ ಮಾತು ಒಳಗೇ ಇರುತ್ತಿತ್ತು. ಆದರೆ ಕೊರಗ ದಾರಿಯಲ್ಲಿ ಅಕ್ಕುವಿನ ಕಣ್ಣಿಗೆ ಬಿದ್ದ. ಬೈರಾಸಿನ ಅಡಿಯಲ್ಲಿ ಏನೆಂದು ಅವಳು ಕೇಳಿದಳು. ಕಡಲಲ್ಲಿ ಮೀನು ಎಲ್ಲಿ ಸಿಕ್ಕಿತೆಂದು ಪಕ್ಕದ ದೋಣಿಗೆ ಎಂದೂ ಬಾಯಿಬಿಡದ ಕೊರಗ, ನೆಲದ ಮೇಲೆ ಮಾತ್ರ ಸುಳ್ಳು ಹೇಳಲಾರ. ಇಲಿ ಅಂದುಬಿಟ್ಟ.

ಶನಿವಾರದ ಸಂತೆಯಲ್ಲಿ ಜನ ಸೇರುವ ತನಕ ಅಕ್ಕು ಸುಮ್ಮನಿದ್ದಳು. ಪ್ರೇಮಾನಂದ ಬಂದು ಸರೋಜಳೆದುರು ಚೀಲ ಬಿಚ್ಚಿದ್ದೇ ತಡ, ಯಾರಿಗೂ ಅಲ್ಲ ಎಂಬಂತೆ ಆದರೆ ಎಲ್ಲರಿಗೂ ಕೇಳುವಂತೆ ಆಡಿದಳು: ಈ ಮಳೆಗೆ ಎಲ್ಲೆಲ್ಲೂ ಇಲಿ, ಸರೋಜಳ ಮನೆಯಲ್ಲೇ ಬೋನಿಟ್ಟು ಹಿಡಿದರಂತೆ, ತನ್ನ ಮನೆಯಲ್ಲಿ ಮಾತ್ರ ದೇವರ ದಯೆಯಿಂದ ಒಂದೂ ಇಲ್ಲ. ಪ್ರೇಮಾನಂದನ ಕೈ ಚೀಲದ ಬಾಯಲ್ಲೇ ನಿಂತಿತು. ಅವನ ಹಿಂದಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು.

ಸರೋಜ ಮಣೆಯ ಮೇಲೆ ಕೂತಲ್ಲೇ ಯೋಚಿಸಿದಳು. ಇಲಿ ನನ್ನ ಮೀನು ಮುಟ್ಟಿತು ಎಂದರೆ ಯಾರೂ ಕೊಳ್ಳುವುದಿಲ್ಲ. ಮುಟ್ಟಲಿಲ್ಲ ಎಂದರೆ ಇಲಿಗೂ ಬೇಡದ ಮೀನು ಎಂದಾಯಿತು. ಇಲಿಯೇ ಇಲ್ಲವೆಂದು ಹೇಳೋಣವೆಂದರೆ ಆ ಸತ್ಯಸಂಧ ಗಂಡ ಸಾಕ್ಷಿಗಿದ್ದಾನೆ. ಆಗ ಅವಳ ಬಾಯಲ್ಲಿ ಕೆಂಡದ ಮೇಲಿನ ಆ ಬಂಗುಡೆಯ ರುಚಿ ಮತ್ತೆ ಬಂತು. ಅವಳು ಮಣೆಯಿಂದ ಎದ್ದು ನಿಂತಳು.

"ಹೌದ್, ಇಲಿ ಬಂದದ್ದ್ ಹೌದ್. ಮಳಿಗಾಲದಂಗೆ ಇಲಿ ಬರದ್ ಮನಿ ಯಾರದ್ದಿತ್ತ್, ಹೇಳಿ ಕಾಂಬ. ಬೋನಿಗೆ ನನ್ ಬಂಗ್ಡಿ ಇಟ್ಟೆ, ಬರ್ಲಿಲ್ಲ. ಅಕ್ಕು ಕೊಟ್ಟದ್ದ್ ಇಟ್ಟೆ, ಅದ್ಕೂ ಬರ್ಲಿಲ್ಲ. ನನ್ ಸೊಸಿ ವಿನಯಾ ಒಣಗ್ಸದ್ದ್ ಇಟ್ಟೆ. ಓಡಿ ಬಂತ್. ನಾನೂ ತಿಂದ್ ಕಂಡೆ. ಇಲಿ ಹೇಳದ್ದೇ ಸಮ."

ಹೆಂಗಸರಲ್ಲಿ ಒಬ್ಬಳು ನಕ್ಕಳು, ಅವಳ ಹಿಂದೆ ಉಳಿದವರೂ ನಕ್ಕರು. ತನ್ನ ಮನೆಯ ಅಕ್ಕಿಮೂಟೆಗೆ ತೂತು ಬಿದ್ದದ್ದನ್ನು ಒಬ್ಬಳು ಹೇಳಿದಳು, ಸೀರೆಯ ಸೆರಗು ಹೋದದ್ದನ್ನು ಇನ್ನೊಬ್ಬಳು. ಪ್ರೇಮಾನಂದ ಮಾತ್ರ ನಗಲಿಲ್ಲ. ಅವನು ವ್ಯಾಪಾರದ ಮನುಷ್ಯ. ಸೊಸೆಯ ಬಂಗುಡೆ ಎಲ್ಲಿ ಎಂದು ಕೇಳಿದ. ತಂದಿಲ್ಲ, ಬರುವ ಶನಿವಾರ ಅವಳೇ ತರುತ್ತಾಳೆ ಎಂದಳು ಸರೋಜ. ಹಾಗಾದರೆ ಅಲ್ಲಿಯ ತನಕಕ್ಕೆ ಇರಲಿ ಎಂದು ಅವನು ಸರೋಜಳದ್ದನ್ನೇ ಅರ್ಧ ಚೀಲ ತುಂಬಿಸಿಕೊಂಡ. ತನ್ನ ಮೀನಿನ ಬಗ್ಗೆ 'ಅಲ್ಲಿಯ ತನಕಕ್ಕೆ' ಎಂಬ ಮಾತನ್ನು ಸರೋಜ ಮೊದಲ ಸಲ ಕೇಳಿದ್ದು. ನೋಯುತ್ತದೆ ಅಂದುಕೊಂಡಿದ್ದಳು. ನೋಯಲಿಲ್ಲ, ಎದೆ ಉಬ್ಬಿತು.

ಮನೆಗೆ ಬಂದವಳು ಮಣೆಯನ್ನು ಗೋಡೆಗೆ ಒರಗಿಸಲಿಲ್ಲ. ಅಡುಗೆಮನೆಗೆ ಹೋಗಿ, ಅಕ್ಕಿ ಆರಿಸುತ್ತಿದ್ದ ವಿನಯಾಳ ಮುಂದೆ ಇಟ್ಟಳು.

"ಹೆಣೆ, ಬಪ್ಪ ಶನಿವಾರ ಇದ್ರ್ ಮೇಲೆ ನೀನ್ ಕೂಕಂಬ್ದ್. ಬಪ್ಪ ಬ್ಯಾಸಿಗಿಗೆ ನಂಗೂ ಒಂದ್ ತೊಟ್ಲ್ ಕಟ್ಟಿ ಕೊಡ್."

ವಿನಯಾ ಮಣೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಅದನ್ನು ಮುಟ್ಟಿದಳು. ಅವಳ ಕಣ್ಣು ತುಂಬಿತ್ತು. ಸರೋಜಳದ್ದೂ ತುಂಬಿತ್ತು, ಆದರೆ ಅವಳು ಒಲೆಯ ಹೊಗೆಯನ್ನು ಬೈದಳು.

ಮುಂದಿನ ಶನಿವಾರ ಮಣೆಯ ಮೇಲೆ ವಿನಯಾ ಕೂತಳು. ಪಕ್ಕದಲ್ಲಿ ಗೋಣಿ ಹಾಸಿಕೊಂಡು ಸರೋಜ ಕೂತಳು. ತನ್ನ ಬುಟ್ಟಿಯನ್ನು ಹಿಂದೆ ತಳ್ಳಿ, ಬೀಜಾಡಿಯ ಬಂಗುಡೆ, ನನ್ನ ಸೊಸೆ ಒಣಗಿಸಿದ್ದು ಎಂದು ಗಂಟಲು ಕಟ್ಟುವ ತನಕ ಕೂಗಿದಳು. ತನ್ನ ಮೀನಿಗೆ ಅವಳು ಎಂದೂ ಅಷ್ಟು ಕೂಗಿದವಳಲ್ಲ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯ ತಳ ಕಾಣುತ್ತಿತ್ತು. ಸಂತೆ ತೆಳುವಾದ ಮೇಲೆ ಅಕ್ಕು ಮೆಲ್ಲಗೆ ಪಕ್ಕಕ್ಕೆ ಸರಿದು ಬಂದಳು. ಅತ್ತ ಇತ್ತ ನೋಡಿ, ಒಂದೇ ಒಂದು ಬಂಗುಡೆ ಬೇಕಿತ್ತು ಎಂದಳು. ತಿನ್ನಲು ಅಲ್ಲ ಎಂದಳು. ಏತಕ್ಕೆಂದು ಮಾತ್ರ ಹೇಳಲಿಲ್ಲ.

ಸರೋಜಳಿಗೆ ತಿಳಿಯಿತು. ದೇವರ ದಯೆಯ ಬಗ್ಗೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಸೊಸೆಯ ಮೊದಲ ಸಂತೆಯ ದಿನ ಅದು ಬೇಡವೆನಿಸಿತು. ಬುಟ್ಟಿಯಿಂದ ಎರಡು ಬಂಗುಡೆ ಆರಿಸಿ ಕಾಗದದಲ್ಲಿ ಸುತ್ತಿ ಅಕ್ಕುವಿನ ಕೈಗಿಟ್ಟಳು.

"ಒಂದ್ ಬೋನಿಗ್ ಇಡ್. ಇನ್ನೊಂದ್ ನೀನ್ ತಿಂದ್ ಕಾಣ್."