ಹನ್ನೊಂದು ಲಕ್ಷ ಹೆಸರು

ಅಕ್ಕನನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದು ಅರ್ಧ ಗಂಟೆಯಾಗಿತ್ತು. ಅವಳ ಗುಂಪಿನ ರಕ್ತ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇದ್ದದ್ದು ಒಂದೇ ಚೀಲ. ದಾನಿಗಳನ್ನು ಹುಡುಕಿಕೊಡುವ ಕಂಪ್ಯೂಟರ್ ಅವತ್ತೇ ಕೈಕೊಡಬೇಕೇ! ಅದನ್ನು ಕಟ್ಟಿದವಳು, ಸಾಕುತ್ತಿದ್ದವಳು, ಈಗ ಅದರ ಮುಂದೆ ಕೂತು ಬೆವರುತ್ತಿದ್ದವಳು ಸ್ವಂತ ತಂಗಿ.

ಗುಂಪು ಆರಿಸಿ ಹುಡುಕು ಎಂದರೆ ಸಾಕು, ಪರದೆಯ ಮೇಲಿನ ಮೆಮೊರಿಯ ಗೆರೆ ಸರಸರ ಏರಿ ತುದಿ ಮುಟ್ಟಿ ಸರ್ವರ್ ಮಲಗಿಬಿಡುತ್ತಿತ್ತು. ಅವಳು ಮೆಮೊರಿಯನ್ನು ಎರಡು ಪಟ್ಟು ಮಾಡಿದಳು. ಆ ಹೊಟ್ಟೆಬಾಕ ಅದನ್ನೂ ನುಂಗಿ ಮಲಗಿತು. ನಾಲ್ಕು ಪಟ್ಟು ಮಾಡಿದಳು. ಮತ್ತೆ ಅದೇ ಹಾಡು.

“ಬಂತೇನಮ್ಮಾ?” ರಕ್ತನಿಧಿ ಕೌಂಟರಿನ ಯಜಮಾನರು ದಾನಿಗಳಿಗೆ ಕರೆಮಾಡಲು ಫೋನ್ ಹಿಡಿದೇ ನಿಂತಿದ್ದರು.

“ಇರಿ ಸಾರ್, ತಲೆ ತಿನ್ಬೇಡಿ!” ಅಂದವಳು ನಾಲಿಗೆ ಕಚ್ಚಿಕೊಂಡಳು.

“ನಿನ್ನೆವರೆಗೂ ಅಕಾರಾದಿಯಲ್ಲಿ ಎಷ್ಟು ನೀಟಾಗಿ ಬರ್ತಿತ್ತು.”

ಅಕಾರಾದಿ! ಅವಳು ತಟ್ಟನೆ ಪ್ರೋಗ್ರಾಮನ್ನು ತೆರೆದಳು. ಮೂವತ್ತು ವರ್ಷ ರಿಜಿಸ್ಟರ್ ತಿರುವಿದ ಈ ಮನುಷ್ಯನಿಗೆ ಅಕಾರಾದಿ ಇಲ್ಲದಿದ್ದರೆ ಕಣ್ಣೇ ಕಾಣದು. ಅವರ ಕಾಟ ತಾಳಲಾರದೆ ಕಳೆದ ವಾರ ಅವಳೇ ಅದರಲ್ಲಿ ಒಂದು ಸಾಲು ಸೇರಿಸಿದ್ದಳು. ಸಿಗುವವರು ನಾಲ್ಕೇ ಜನವಾದರೂ, ಹೆಸರಿನಂತೆ ಜೋಡಿಸು ಎಂದರೆ ಆ ಯಂತ್ರ ಮೊದಲು ಪಟ್ಟಿಯಲ್ಲಿರುವ ಎಲ್ಲರ ಹೆಸರನ್ನೂ ಮೆಮೊರಿಗೆ ಎಳೆದುಕೊಳ್ಳುತ್ತದೆ. ಪಟ್ಟಿ ಚಿಕ್ಕದಿದ್ದಾಗ ಹೇಗೋ ನಡೆದಿತ್ತು. ನಿನ್ನೆ ಸಂಜೆ ಬೇರೆ ಊರುಗಳ ಪಟ್ಟಿಯೂ ಸೇರಿ ಹೆಸರುಗಳು ಹನ್ನೊಂದು ಲಕ್ಷವಾಗಿದ್ದವು. ಅಲ್ಲ, ರಕ್ತಕ್ಕೆ ಎಂಥ ಅಕಾರಾದಿ? ಅಕ್ಕ ಒಳಗೆ ಮಲಗುವವರೆಗೂ ಈ ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ.

ಸಾಲನ್ನು ಅಳಿಸಿದಳು. ಅವಸರದಲ್ಲಿ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಗೆರೆ ಅಲುಗಲೇ ಇಲ್ಲ; ಊರಿನ ನಾಲ್ವರು ದಾನಿಗಳ ಹೆಸರು ಅಡ್ಡಾದಿಡ್ಡಿಯಾಗಿ ಬಂದು ಕೂತವು.

“ಇದೇನಮ್ಮ ಹಿಂದುಮುಂದಾಗಿ...”

ಅವಳು ಯಜಮಾನರ ಕೈಯಿಂದ ಫೋನ್ ಕಿತ್ತುಕೊಂಡಳು. ಇಬ್ಬರು ಎತ್ತಲಿಲ್ಲ. ಮೂರನೆಯವಳು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದಳು, ಇಷ್ಟು ಬೇಗ ಮತ್ತೆ ಕೊಡುವಂತಿರಲಿಲ್ಲ. ನಾಲ್ಕನೆಯವನು ಎತ್ತಿದ.

“ಅಯ್ಯೋ, ಇಷ್ಟೊತ್ತೂ ಮನೇಲೇ ಇದ್ನಲ್ಲಮ್ಮ! ಈಗ ತಾನೇ ಬಸ್ ಹತ್ತಿದೆ. ಒಂದು ಹತ್ತು ನಿಮಿಷ ಮುಂಚೆ ಮಾಡ್ಬಾರ್ದಿತ್ತಾ?”

ಆ ಹತ್ತು ನಿಮಿಷ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿತ್ತು. ಸರ್ವರ್ ಕೆಟ್ಟಿತ್ತು ಎನ್ನಬಹುದಿತ್ತು.

“ತಡ ಮಾಡಿದ್ದು ನಾನೇ ಅಣ್ಣ,” ಎಂದಳು. “ಒಳಗಿರೋದು ನಮ್ಮಕ್ಕ.”

ಬಸ್ಸಿನ ಗಡಗಡ ಕೇಳುತ್ತಿತ್ತು. ಅದರ ನಡುವೆಯೇ ಅವನು ಬೇರೆ ಯಾರಿಗೋ ಕೂಗಿ ಹೇಳಿದ:

“ನಿಲ್ಸಪ್ಪಾ, ನಿಲ್ಸು! ನಾನು ಇಳೀಬೇಕು.”