ಮೂರನೆಯ ಎಚ್ಚರಿಕೆ

ತುಟಿ ಅಲ್ಲಾಡಿತೇ, ಇಲ್ಲ, ನೊಣ, ಪರದೆಯ ಮೂಲೆಯ ಪುಟ್ಟ ಚೌಕದೊಳಗೆ ನನ್ನ ಮುಖ, ಆ ಮುಖದ ಮೇಲ್ದುಟಿಯ ಮೇಲೆ ಒಂದು ಕರಿ ಚುಕ್ಕೆ ನಡೆಯುತ್ತಿದೆ, ಓಡಿಸಬೇಕು, ಆದರೆ ಕೈ ಎತ್ತಿದರೆ ಒಕ್ಕಣ್ಣ ಏನೆಂದುಕೊಳ್ಳುತ್ತಾನೋ, ಅಂಗೈಯಲ್ಲಿ ಚೀಟಿ ಇದೆ ಅಂದುಕೊಂಡರೆ ಏನು ಗತಿ, ಊದಿ ಓಡಿಸೋಣವೆಂದರೆ ತುಟಿ ಮುಂದೆ ಬರುತ್ತದೆ, ನಡಿ ಮಾರಾಯ, ಮೂಗಿನ ಕಡೆಗಾದರೂ ನಡಿ, ಹಾಂ, ಹಾರಿತು. ಒಕ್ಕಣ್ಣ ಅಂದರೆ ಈ ಕಂಪ್ಯೂಟರಿನ ನೆತ್ತಿಯ ಮೇಲಿರುವ ಕ್ಯಾಮೆರಾ, ಹೆಸರಿಟ್ಟವರು ಅತ್ತೆ, ನೋಡು ನೋಡು, ರೆಪ್ಪೇನೂ ಮಿಟುಕಿಸಲ್ಲ ಈ ಒಕ್ಕಣ್ಣ, ಇವನ ಮುಂದೆ ನೀನು ಹೆಂಗೆ ಬರೀತೀಯೆ. ಹೆಂಗೆ ಬರೆಯುವುದು, ಗೊತ್ತಿಲ್ಲ ಅತ್ತೆ, ಇಪ್ಪತ್ತು ವರ್ಷ ಪರೀಕ್ಷೆಗಳಲ್ಲಿ ಮಕ್ಕಳ ಬೆನ್ನ ಹಿಂದೆ ನಿಂತು ಕಾದವಳು ನಾನು, ಕಾಪಿ ಹೊಡೆಯುವ ಹುಡುಗರ ಕಿವಿ ಹೇಗೆ ಕೆಂಪಾಗುತ್ತದೆ ಅಂತ ಸಾಲಿನ ತುದಿಯಿಂದಲೇ ಹೇಳಬಲ್ಲವಳು, ಈಗ ನನ್ನ ಕಿವಿಯೇ ಬಿಸಿಯಾಗಿ ಉರಿಯುತ್ತಿದೆ, ಕಾಪಿ ಹೊಡೆಯದೆ. ಕಾಸಿಗೆ ತಕ್ಕ ಕಜ್ಜಾಯ, ಇದ್ದುದರಲ್ಲಿ ಅಗ್ಗದ ಕೋರ್ಸು ಇದು, ಕೆಲಸ ಬಿಡದೆ, ಊರು ಬಿಡದೆ, ಮನೆಯಲ್ಲೇ ಕೂತು ಓದಿ ಸ್ನಾತಕೋತ್ತರ ಪದವಿ ಪಡೆಯಿರಿ ಅಂತ ಜಾಹೀರಾತಿನಲ್ಲಿ ನಗುತ್ತಿದ್ದಳು ಒಬ್ಬಳು, ಅಗ್ಗವಾದ್ದರಿಂದಲೇ ಪರೀಕ್ಷಾ ಕೇಂದ್ರವಿಲ್ಲ, ಮೇಲ್ವಿಚಾರಕರಿಲ್ಲ, ಯಂತ್ರವೇ ನೋಡುತ್ತದೆ, ಯಂತ್ರವೇ ಎಚ್ಚರಿಸುತ್ತದೆ, ಮೂರು ಎಚ್ಚರಿಕೆಯಾದರೆ ಯಂತ್ರವೇ ಬಾಗಿಲು ಮುಚ್ಚುತ್ತದೆ, ಹೊಟ್ಟೆನೋವು ಸಾರ್ ಅಂತ ಹೇಳಿಕೊಳ್ಳಲು ಎದುರಿಗೆ ಒಂದು ಮುಖವೂ ಇಲ್ಲ. ನನಗೆ ಆಗಲೇ ಎರಡಾಗಿವೆ.

ಎರಡೂ ನನ್ನ ಕಸುಬಿನ ಪಾಪ, ಬೇರೆ ಯಾರಿಗೂ ಬರುವಂಥದ್ದಲ್ಲ. ಮೊದಲನೆಯದು ಪ್ರಶ್ನೆಪತ್ರಿಕೆ ತೆರೆದುಕೊಂಡ ಕೂಡಲೇ, ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಬಿಟ್ಟೆ, ತರಗತಿಗೆ ಉಕ್ತಲೇಖನ ಕೊಡುವ ಹಾಗೆ, ನಿಲ್ಲಿಸಿ ನಿಲ್ಲಿಸಿ, ಕೊನೆಯ ಬೆಂಚಿಗೂ ಕೇಳುವಂತೆ, ಎರಡನೆಯ ಸಲ ಓದುವಷ್ಟರಲ್ಲಿ ಪರದೆಯ ಮೇಲೆ ಹಳದಿ ಪಟ್ಟಿ ಇಳಿಯಿತು, ಮಾತು ಕೇಳಿಬಂದಿದೆ, ಎಚ್ಚರಿಕೆ ಒಂದು. ಶಾಲೆಯಲ್ಲಿ ನನ್ನನ್ನು ಗಿಳಿ ಮಿಸ್ ಅನ್ನುತ್ತಾರಂತೆ, ಔಷಧಿ ಬಾಟಲಿಯ ಮೇಲಿನದನ್ನೂ ಬಾಯಿಬಿಟ್ಟು ಓದುವವಳು ಅಂತ, ಅನ್ನಲಿ, ಬಾಯಿಗೆ ಬಾರದೆ ನನಗೆ ತಲೆಗೆ ಹೋಗುವುದಿಲ್ಲ. ಎರಡನೆಯದು ಇನ್ನೂ ನಾಚಿಕೆಗೇಡು, ಉತ್ತರ ಯೋಚಿಸುವಾಗ ಕಣ್ಣು ತಾನಾಗಿ ಎದ್ದು ಪರದೆಯ ಆಚೆ ಹೋಯಿತು, ಹಿಂದಿನ ಸಾಲು ಏನು ಮಾಡುತ್ತಿದೆ ನೋಡೋಣ ಅಂತ, ಈ ಕೋಣೆಯಲ್ಲಿ ಎಲ್ಲಿಯ ಹಿಂದಿನ ಸಾಲು, ಎದುರಿಗಿರುವುದು ಕಬ್ಬಿಣದ ಮಂಚ ಮತ್ತು ಗೋಡೆ, ನೋಟ ಪರದೆಯಿಂದ ಆಚೆ ಹೋಗಿದೆ, ಎಚ್ಚರಿಕೆ ಎರಡು. ಇನ್ನೊಂದಾದರೆ ಮುಗಿಯಿತು, ಒಂದು ಪತ್ರಿಕೆಗೆ ಎರಡೇ ಅವಕಾಶ, ಮೊದಲನೆಯದು ಹೋದ ಸಲ ಹಾಳಾಯಿತು, ಇದು ಕೊನೆಯದು. ಇದು ಹೋದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಮುಂದಿನ ವರ್ಷ ದೊಡ್ಡ ತರಗತಿಗಳಿಲ್ಲ, ಹೆಡ್‌ಮಿಸ್ಟ್ರೆಸ್ ಕನ್ನಡಕ ಒರೆಸುತ್ತ ಹೇಳಿದ್ದರು, ನಾನೇನ್ ಮಾಡ್ಲಿ ಹೇಳಿ, ಮೇಲಿಂದ ಬಂದಿರೋ ಆರ್ಡರ್, ಸಣ್ಣ ಕ್ಲಾಸಿಗೆ ಜನ ಇದಾರೆ, ದೊಡ್ಡ ಕ್ಲಾಸಿಗೆ ಪದವಿ ಬೇಕು, ಮಧ್ಯದಲ್ಲಿ ನಿಮ್ಮನ್ನ ಎಲ್ಲಿ ಇಟ್ಕೊಳ್ಲಿ. ಎಲ್ಲಿ ಇಟ್ಕೊಳ್ಲಿ, ಒಡೆದ ಗ್ಲೋಬಿನ ಬಗ್ಗೆ ಕೇಳುವ ಹಾಗೆ ಕೇಳಿದರು. ನನ್ನ ಮೇಜಿನ ಪಕ್ಕದಲ್ಲೇ ಹೊಸ ಮೇಡಂ ಕೂತಿರುತ್ತಾಳೆ, ಒಳ್ಳೆಯ ಹುಡುಗಿ, ಪದವಿ ಇದೆ, ತರಗತಿ ಹಿಡಿತಕ್ಕೆ ಬಾರದಿದ್ದಾಗ ನನ್ನನ್ನೇ ಕರೆಯುತ್ತಾಳೆ, ಮಿಸ್ ಒಂದ್ ನಿಮಿಷ ಬಂದು ಸುಮ್ಮನೆ ನಿಲ್ತೀರಾ, ನಾನು ಹೋಗಿ ಸುಮ್ಮನೆ ನಿಲ್ಲುತ್ತೇನೆ, ಗಲಾಟೆ ತಣ್ಣಗಾಗುತ್ತದೆ, ಆ ನಿಲ್ಲುವುದಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡುವುದಿಲ್ಲ. ಬರಿ, ಮೊದಲು ಬರಿ, ಮೂರನೆಯ ಪ್ರಶ್ನೆ, ಕಲಿಕೆಯಲ್ಲಿ ಭಯದ ಪಾತ್ರವನ್ನು ಸೂಕ್ತ ಉದಾಹರಣೆಗಳೊಂದಿಗೆ ವಿವರಿಸಿರಿ. ಉದಾಹರಣೆ ಇಲ್ಲೇ ಕೂತಿದೆ, ಬಂದು ನೋಡಿ, ಬೆವರಿಗೆ ಕೀಲಿಮಣೆಯ ಮೇಲೆ ಬೆರಳು ಜಾರುತ್ತಿದೆ, ಭಯಗೊಂಡ ಮಗುವಿನ ಗಮನ ಪಾಠದಿಂದ ಜಾರಿ ಅಪಾಯದ ಮೇಲೆ ನಿಲ್ಲುತ್ತದೆ ಅಂತ ಟೈಪು ಮಾಡಿದ್ದೇನೆ, ಚೆನ್ನಾಗಿದೆ, ನಿಲ್ಲುತ್ತದೆ, ಮುಂದೆ, ಮುಂದೇನು.

ಟಣ್. ಅಡುಗೆಮನೆ. ಲೋಟವಿರಬೇಕು, ಸ್ಟೀಲಿನದು, ಬಿದ್ದು ಉರುಳಿ ಎಲ್ಲಿಗೋ ತಗುಲಿ ನಿಂತಿತು, ತಿರುಗಬೇಡ, ಕಣ್ಣು ಪರದೆಯ ಮೇಲೆ, ಅತ್ತೆ ಎತ್ತಿಡುತ್ತಾರೆ. ಪಾಪ, ಈಗ ನಾಲಿಗೆ ಕಚ್ಚಿಕೊಂಡು ನಿಂತಿರುತ್ತಾರೆ, ಸದ್ದು ಮಾಡಿಬಿಟ್ಟೆನಲ್ಲ ಅಂತ. ಹೋದ ಸಲ ಪರೀಕ್ಷೆ ಹಾಳಾದದ್ದು ಅವರಿಂದಲೇ, ಅವರಿಂದ ಅನ್ನಬಾರದು, ಅವರ ಪ್ರೀತಿಯಿಂದ, ಮಧ್ಯದಲ್ಲಿ ಬಾಗಿಲು ತೆಗೆದು ಮೆಲ್ಲಗೆ ಬಂದು ಚಹಾ ಇಟ್ಟರು, ಬಾಯಿ ಒಣಗಿರುತ್ತೆ ಕುಡಿಯೇ, ಆ ಪುಟ್ಟ ಚೌಕದಲ್ಲಿ ನನ್ನ ಭುಜದ ಮೇಲೆ ಅವರ ಬಿಳಿ ತಲೆ ಮೂಡಿತು, ಕೋಣೆಯಲ್ಲಿ ಎರಡನೆಯ ವ್ಯಕ್ತಿ ಕಂಡುಬಂದಿದ್ದಾರೆ, ಅದಕ್ಕೆ ಎಚ್ಚರಿಕೆಯೂ ಇಲ್ಲ, ನೇರ ರದ್ದು. ನಾನು ಒಂದು ಮಾತೂ ಆಡಲಿಲ್ಲ, ಆಡದಿದ್ದುದೇ ತಪ್ಪಾಯಿತೇನೋ, ಆ ದಿನವೆಲ್ಲ ಅವರು ಊಟ ಮಾಡಲಿಲ್ಲ, ಮಗನ ಹತ್ತಿರ ಹೇಳಿದರಂತೆ, ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಕಣೋ. ಈ ಕೋರ್ಸಿಗೆ ಸೇರು ಅಂದವರೇ ಅವರು, ನಾನು ಈ ವಯಸ್ಸಲ್ಲಿ ಯಾಕತ್ತೆ ಅಂದರೆ, ಯಾಕೆ ಅಂದ್ರೆ, ನನ್ನ ಆ ವಯಸ್ಸಲ್ಲಿ ಯಾರೂ ಸೇರಿಸ್ಲಿಲ್ಲ ಅದಕ್ಕೆ, ಸುಮ್ನೆ ಸೇರು. ಈ ಸಲ ಅವರೇ ಮಾತು ಕೊಟ್ಟರು, ನಾನು ಕೇಳಿರಲಿಲ್ಲ, ನೆಲ ತಟ್ಟಿ ಹೇಳಿದರು, ಮನೆಗೆ ಬೆಂಕಿ ಬಿದ್ರೂ ನಿನ್ನ ಕೂಗಲ್ಲ, ಉಸಿರೂ ಎತ್ತಲ್ಲ, ಒಕ್ಕಣ್ಣನಿಗೆ ನನ್ನ ನೆರಳೂ ಬೀಳಲ್ಲ. ನಾನು ನಕ್ಕು, ಹಂಗಾದ್ರೆ ನನ್ನ ಕ್ಲಾಸಿನ ಥರ ಮಾಡಿ ಅಂದೆ, ಬೆರಳು ತುಟಿಯ ಮೇಲೆ ಇಟ್ಟು ತೋರಿಸಿದೆ, ಅವರೂ ಇಟ್ಟುಕೊಂಡರು, ಎಪ್ಪತ್ತು ದಾಟಿದ ಹೆಂಗಸು ಒಂದನೆಯ ತರಗತಿಯ ಮಗುವಿನ ಹಾಗೆ ಕಣ್ಣರಳಿಸಿ ಕೂತಿದ್ದರು, ಬೆಳಿಗ್ಗೆ ಚಪ್ಪಲಿಯನ್ನೂ ಬಿಚ್ಚಿಟ್ಟರು, ತಣ್ಣನೆ ನೆಲ ಅತ್ತೆ ಬೇಡ ಅಂದರೂ ಕೇಳಲಿಲ್ಲ, ಚಪ್ಪಲಿ ಚಟಪಟ ಅನ್ನುತ್ತೆ ಕಣೇ. ಇವರೂ ಕಡಿಮೆಯೇನಲ್ಲ, ತಾಯಿಗೆ ತಕ್ಕ ಮಗ, ಕೆಳಗಿನ ಮನೆಯ ನಾಯಿ ಬೊಗಳುತ್ತದೆ ಅಂತ ಅದನ್ನೇ ಬೇಡಿ ಪಡೆದು ಸುತ್ತಾಡಿಸಲು ಹೋಗಿದ್ದಾರೆ, ನೀನು ಮುಗಿಸೋವರೆಗೂ ನಾನೂ ಅದೂ ಮನೆ ಕಡೆ ತಲೆ ಹಾಕಲ್ಲ, ಈಗ ಯಾವ ಬೀದಿಯಲ್ಲಿ ಅದು ಇವರನ್ನು ಎಳೆದಾಡುತ್ತಿದೆಯೋ. ಮನೆಯಲ್ಲಿ ಅತ್ತೆ ಒಬ್ಬರೇ. ಲೋಟ ಎತ್ತಿಟ್ಟ ಸದ್ದು ಕೇಳಲಿಲ್ಲ. ಅವರಿಗೆ ಕೆಳಗೆ ಬಿದ್ದದ್ದನ್ನು ನೋಡಿದರೆ ಆಗುವುದಿಲ್ಲ, ಒಂದು ಕಾಳು ಬಿದ್ದರೂ ಬಗ್ಗುತ್ತಾರೆ, ಬಗ್ಗಬೇಡಿ ಅಂತ ಡಾಕ್ಟರು ಬಡಿದುಕೊಂಡರೂ.

ಹಿಡಿಕೆ. ಚೌಕದಲ್ಲಿ, ನನ್ನ ಕಿವಿಯ ಪಕ್ಕ, ಬೆನ್ನ ಹಿಂದಿನ ಬಾಗಿಲಿನ ಹಿಡಿಕೆ ಅಲ್ಲಾಡಿತೇ, ಒತ್ತಿದರೆ ಇಳಿಯುವ ಬಿಟ್ಟರೆ ಚಿಮ್ಮಿ ಮೇಲೇಳುವ ಉಕ್ಕಿನ ಹಿಡಿಕೆ ಅದು, ಸ್ವಲ್ಪ ಇಳಿದ ಹಾಗಾಯಿತು, ಇಲ್ಲ, ನೇರವಾಗಿದೆ, ನನ್ನ ಕಣ್ಣು ಮಂಜಾಗಿದೆ ಅಷ್ಟೆ. ಈ ಸಲ ಒಳಗಿನಿಂದ ಚಿಲಕ ಹಾಕಿದ್ದೇನೆ, ಹೋದ ಸಲದ ಪಾಠ, ಶುರುವಾಗುವ ಮುಂಚೆ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಒಕ್ಕಣ್ಣನಿಗೆ ಕೋಣೆಯೆಲ್ಲ ತೋರಿಸಿದೆ, ಮೇಜಿನ ಕೆಳಗೆ, ಮಂಚದ ಕೆಳಗೆ, ನನ್ನ ಎರಡೂ ಕಿವಿ, ಬಾಗಿಲು, ಚಿಲಕ, ಎಲ್ಲ ಸರಿಯಿದೆ ಅಂದ. ಯಾರೂ ಬರಲಾರರು, ಬರಿ. ಭಯವು ಸ್ಮರಣೆಯನ್ನು — ಇಳಿಯಿತು. ಈಗ ನಿಜವಾಗಿ ಇಳಿಯಿತು, ಅರ್ಧ, ಅಲ್ಲೇ ನಡುಗಿ ಮತ್ತೆ ಮೇಲೆ ಹೋಯಿತು. ಅತ್ತೆಯೇ. ಮುಗಿಯಿತಾ ಅಂತ ನೋಡುತ್ತಿದ್ದಾರೆ, ಇಲ್ಲ, ಅವರು ಹಾಗೆ ನೋಡುವವರಲ್ಲ, ಮಾತು ಕೊಟ್ಟಿದ್ದಾರೆ. ಗಾಳಿಯೇ, ಗಾಳಿ ಬಾಗಿಲು ಬಡಿಯುತ್ತದೆ, ಹಿಡಿಕೆ ಒತ್ತುವುದಿಲ್ಲ. ಏನೋ ಮರೆತು ಬಂದಿರಬೇಕು, ನೆನಪಾಗಿ ಹಿಂದೆ ಹೋಗುತ್ತಾರೆ, ನೋಡು, ಹೋದರು, ಹಿಡಿಕೆ ನೇರವಾಗಿದೆ, ಹೋದರೋ ಇಲ್ಲವೋ ಹೇಗೆ ತಿಳಿಯುವುದು, ಬರಿಗಾಲು, ಸದ್ದೇ ಇಲ್ಲ. ಅವರಿಗೆ ತಲೆಸುತ್ತು ಬಂದರೆ ಒಂದು ರೂಢಿ, ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಾರೆ, ಅದೇನು ಮಾಡುತ್ತೆ ಎರಡು ನಿಮಿಷ ನಿಂತರೆ ಹೋಗುತ್ತೆ ಅಂತ, ಹೋದ ತಿಂಗಳು ಬಚ್ಚಲಲ್ಲಿ ನಲ್ಲಿ ಹಿಡಿದು ನಿಂತಿದ್ದರು, ಮುಖ ಸುಣ್ಣದ ಬಣ್ಣ, ಮಾತ್ರೆ ನಾಲಿಗೆಯ ಕೆಳಗಿಟ್ಟ ಮೇಲೆ — ಮಾತ್ರೆ. ಅಯ್ಯೋ, ಮಾತ್ರೆಯ ಡಬ್ಬಿ. ಕಿಟಕಿಕಟ್ಟೆಯ ಮೇಲೆ ಒಂದು ಸಾಮಾನೂ ಕಾಣಬಾರದು ಅಂತ ಬೆಳಿಗ್ಗೆ ಬಾಚಿ ಬಾಚಿ ಕಪಾಟಿಗೆ ತುಂಬಿದೆನಲ್ಲ, ಬಾಚಣಿಗೆ, ದಾರದುಂಡೆ, ಡಬ್ಬಿ, ಕಪಾಟು ಇಲ್ಲಿ, ನನ್ನ ಎಡಗಡೆ, ಚಿಲಕ ಹಾಕಿದ ಕೋಣೆಯೊಳಗೆ. ಎದ್ದರೆ ಮೂರನೆಯದು. ತಿರುಗಿದರೂ ಮೂರನೆಯದು. ಇನ್ನೊಂದು ಪ್ರಶ್ನೆ, ಒಂದೇ ಒಂದು ಉಳಿದಿದೆ, ಗಬಗಬ ಬರೆದು ಮುಗಿಸಿದರೆ, ಅಷ್ಟು ಹೊತ್ತು ಅವರು, ಛೀ, ನಾನು ಏನನ್ನು ಲೆಕ್ಕ ಹಾಕುತ್ತಿದ್ದೇನೆ, ಬರಿ, ಇಲ್ಲ, ಇರಲಾರದು, ಹಾಗೇನಾದರೂ ಆಗಿದ್ದರೆ ಕೂಗುತ್ತಿದ್ದರು, ತಲೆ ಸುತ್ತಿದರೆ ಯಾರಾದರೂ ಕೂಗದೆ ಇರುತ್ತಾರೆಯೇ, ಕೂಗುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು.

ಕೂಗುವುದಿಲ್ಲ. ಅವರು ಕೂಗುವುದಿಲ್ಲ, ಹಿಡಿಕೆ ಇಳಿಯುತ್ತಿದೆ, ಮೆಲ್ಲಗೆ, ಪೂರ್ತಿ, ತಳದವರೆಗೆ, ನಿಂತಿತು, ಈಗ ಮೇಲೆ ಬರುತ್ತದೆ, ಬರಬೇಕು, ಕೈ ಬಿಟ್ಟರೆ ಚಿಮ್ಮಲೇಬೇಕು, ಬರುತ್ತಿಲ್ಲ, ಯಾರೂ ತಳ್ಳುತ್ತಿಲ್ಲ, ಯಾರೂ ಎಳೆಯುತ್ತಿಲ್ಲ, ಸುಮ್ಮನೆ ಭಾರ, ಒಂದು ಮೈಯ ಭಾರ ಅದರ ಮೇಲೆ ನೇತುಬಿದ್ದಿದೆ, ಅತ್ತೇ. ಬಾಯಿಂದ ಹೊರಗೆ ಬಂತು, ಕೊನೆಯ ಬೆಂಚಿಗೆ ಕೇಳುವ ಗಂಟಲಿನಲ್ಲೇ ಬಂತು, ಅತ್ತೇ ಅತ್ತೇ, ಪರದೆ ಕೆಂಪಾಯಿತು, ಎಚ್ಚರಿಕೆ ಮೂರು, ನಿಮ್ಮ ಪರೀಕ್ಷೆ ಮುಕ್ತಾಯಗೊಂಡಿದೆ, ಧನ್ಯವಾದಗಳು. ಹೋಗಲಿ, ಹೋಯಿತು, ಕುರ್ಚಿ ಹಿಂದಕ್ಕೆ ಬಿತ್ತು, ಬಾಗಿಲ ಹತ್ತಿರ ಇದ್ದೇನೆ, ಅತ್ತೆ ಮುಗೀತು, ಪರೀಕ್ಷೆ ಮುಗೀತು, ಈಗ ಮಾತಾಡ್ಬಹುದು, ಮಾತಾಡಿ, ಒಂದ್ ಸಲ ಹೂಂ ಅನ್ನಿ ಸಾಕು. ಇಲ್ಲ. ಕಿವಿ ಹಲಗೆಗೆ ಒತ್ತಿ ಹಿಡಿದಿದ್ದೇನೆ, ನನ್ನ ಎದೆಯ ಬಡಿತವೇ ಕೇಳುತ್ತಿದೆ, ಆಚೆಯದು ಕೇಳುತ್ತಿಲ್ಲ, ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿದ್ದಾರೆಯೇ, ಒಕ್ಕಣ್ಣ ಇನ್ನೂ ನೋಡುತ್ತಿದ್ದಾನೆ ಅಂತ ಉಸಿರು ಹಿಡಿದಿದ್ದಾರೆಯೇ, ಹಾಗೇ ಇರಲಿ, ಮಾತು ಉಳಿಸಿಕೊಳ್ಳುವುದಕ್ಕೇ ಸುಮ್ಮನಿದ್ದಾರೆ ಅಂತಲೇ ಇರಲಿ. ಚಿಲಕದ ಮೇಲೆ ಕೈ ಇದೆ, ಎಳೆಯಲು ಆಗುತ್ತಿಲ್ಲ, ಬಾಗಿಲು ಒಳಕ್ಕೆ ತೆರೆಯುವಂಥದ್ದು, ಎಳೆದರೆ ಬಾಗಿಲಿನ ಜೊತೆಗೇ ಅವರೂ ಬೀಳುತ್ತಾರೆ, ಮುಖ ಕೆಳಗಾಗಿ, ಎಳೆಯದಿದ್ದರೆ, ಭುಜ ಕೊಟ್ಟು ತಡೆದು ಮೆಲ್ಲಗೆ ತೆಗೆಯಬೇಕು, ತೆಗಿ, ಈಗಲೇ ತೆಗಿ, ಇನ್ನೊಂದು ಕೈ ಹಿಡಿಕೆಯ ಮೇಲಿದೆ, ಈ ಕಡೆಯಿಂದ ನಾನೂ ಹಿಡಿದಿದ್ದೇನೆ ಅತ್ತೆ, ತಣ್ಣಗಿದೆ ಉಕ್ಕು, ಮೇಲಕ್ಕೆ ಎತ್ತಿ ನೋಡುತ್ತೇನೆ, ಬರುತ್ತಿಲ್ಲ, ಹಿಡಿಕೆ ಕೆಳಗೇ ಇದೆ, ಹಿಡಿಕೆ ಕೆಳಗೇ ಇದೆ